ಹುಳುವಿಗೆ ಸುಳ್ಳು ಹೇಳುವ ವಿದ್ಯೆ

ಉತ್ತರ ಅಮೆರಿಕದ ಪೈನ್ ಕಾಡಿನಲ್ಲಿ ತೊಗಟೆ ದುಂಬಿ ಮರ ಕೊರೆಯಲು ಶುರುಮಾಡಿದ ಕೂಡಲೇ ವಾಸನೆ ಬಿಟ್ಟು ಬಳಗವನ್ನೆಲ್ಲ ಕರೆಯುತ್ತದೆ. ಮರ ಭರ್ತಿಯಾದ ಮೇಲೆ ಹೊಮ್ಮುವ ವಾಸನೆಯೇ ಬೇರೆ, 'ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ' ಎಂದು. ವರ್ಬೆನೋನ್ ಎಂಬ ಆ ರಾಸಾಯನಿಕವನ್ನು ಪೊಟ್ಟಣದಲ್ಲಿ ತುಂಬಿ ಆರೋಗ್ಯವಂತ ಮರಕ್ಕೆ ತಗುಲಿಸಿದರೆ ದುಂಬಿ ಮೋಸಹೋಗುತ್ತದೆ. ದುಂಬಿಗಳು ವಿಪರೀತ ಹೆಚ್ಚಿದ ವರ್ಷ ಮಾತ್ರ ಈ ಸುಳ್ಳು ನಡೆಯುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಪೈನ್ ಎಲ್ಲಿಂದ ಬರಬೇಕು? ಇಲ್ಲಿರುವುದು ಮಳೆಯನ್ನೇ ನಂಬಿದ ಶೇಂಗಾ. ಆದರೂ ಪ್ರಶ್ನೆ ಅದೇ: ಹುಳುವನ್ನು ಕೊಲ್ಲುವ ಬದಲು ದಾರಿ ತಪ್ಪಿಸಿ ಬೆಳೆ ಉಳಿಸಬಹುದೇ?

ವಾಸನೆಯಿಂದ ಹುಳುವಿನ ದಾರಿ ತಪ್ಪಿಸುವ ಈ ವಿದ್ಯೆ ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳಿಗೆ ತೀರಾ ದೂರದ್ದಲ್ಲ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮೊದಲ ಬಾರಿಗೆ ಕೀಟವೊಂದರ ಲಿಂಗಾಕರ್ಷಕವನ್ನು ಗುರುತಿಸಿದ್ದು ರೇಷ್ಮೆ ಹುಳುವಿನಲ್ಲೇ. ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಸೀರೆಗೆ ನೂಲು ಬೇಕಾದರೆ ಹುಳು ಗೂಡಿನೊಳಗೇ ಸಾಯಬೇಕು. ಬುಟೆನಾಂಟ್ ಅವರಿಗೆ ಬೇಕಿದ್ದದ್ದು ಗೂಡೊಡೆದು ಬಂದ ಚಿಟ್ಟೆ.

ಶೇಂಗಾದ ಎಲೆ ತಿನ್ನುವ ಸ್ಪೊಡೊಪ್ಟೆರಾ ಕೀಡೆಗೆ ಕಟ್ಟುವ ಮೋಹಕ ಬಲೆ ನೋಡಲು ಏನೂ ಅಲ್ಲ. ಕೋಲಿಗೊಂದು ಪ್ಲಾಸ್ಟಿಕ್ ಆಲಿಕೆ, ಅದರಡಿ ಉದ್ದನೆಯ ಚೀಲ, ಮುಚ್ಚಳದ ಕೆಳಗೆ ಬೆರಳ ತುದಿಯಷ್ಟು ರಬ್ಬರ್ ತುಣುಕು. ಹೆಣ್ಣಿನ ವಾಸನೆ ಇರುವುದು ಆ ತುಣುಕಿನಲ್ಲಿ. ರಾತ್ರಿ ಹುಡುಕಿಕೊಂಡು ಬಂದ ಗಂಡು ಪತಂಗ ಚೀಲಕ್ಕೆ ಬೀಳುತ್ತದೆ. ಮೂರು ನಾಲ್ಕು ವಾರದಲ್ಲಿ ವಾಸನೆ ಇಳಿಯುತ್ತದೆ. ತುಣುಕು ಬದಲಾಯಿಸದೆ ಬಿಟ್ಟರೆ ಅದು ಬರೀ ಬೆದರುಬೊಂಬೆ.

ಇಲ್ಲಿ ಬೀಳುವುದು ಗಂಡು ಮಾತ್ರ. ತಪ್ಪಿಸಿಕೊಂಡ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಪಕ್ಕದ ಹೊಲದಲ್ಲಿ ಆಗಲೇ ಕೂಡಿದ ಹೆಣ್ಣು ಬದು ದಾಟಿ ಬಂದು ನೂರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಒಬ್ಬನೇ ಕಟ್ಟಿದ ಬಲೆ ಹುಳು ಬಂದ ಸುದ್ದಿ ಕೊಡುತ್ತದೆ, ಹುಳುವನ್ನು ತಡೆಯುವುದಿಲ್ಲ. ಸುದ್ದಿಗೂ ಬೆಲೆಯಿದೆ ಅನ್ನಿ. ಕಂಡಕಂಡಾಗ ಔಷಧಿ ಹೊಡೆಯುವುದಾದರೂ ತಪ್ಪುತ್ತದೆ.

ತಡೆಯಬೇಕಾದರೆ ಊರೆಲ್ಲ ಒಟ್ಟಿಗೆ ಬಲೆ ಕಟ್ಟಬೇಕು. ಹಾಗೆ ಕೂಡಿ ಮಾಡುವ ಕೆಲಸ ಶೇಂಗಾ ಸೀಮೆಗೆ ಹೊಸದಲ್ಲ. ಹದ ಮಳೆ ಬಿದ್ದಾಗ ಮಣ್ಣಿನಿಂದೇಳುವ ಕೆಂಪು ಕಂಬಳಿಹುಳುವಿನ ಪತಂಗಗಳಿಗೆ ರಾತ್ರಿ ಹೊಲದಲ್ಲಿ ಬೆಂಕಿ ಹಾಕುವುದು, ದಂಡು ಕಟ್ಟಿ ನಡೆಯುವ ಮರಿಹುಳುಗಳಿಗೆ ಬದುವಿನುದ್ದಕ್ಕೂ ಕಾಲುವೆ ತೋಡುವುದು, ಎರಡೂ ಒಬ್ಬನಿಂದ ಆಗುವ ಕೆಲಸವಲ್ಲ.

ಬಲೆ ಬಿಟ್ಟು ಔಷಧಿಯನ್ನೇ ನೆಚ್ಚುವ ರೈತನಿಗೆ ತಿಳಿವಳಿಕೆ ಸಾಲದು ಎಂಬ ಮಾತು ಕಚೇರಿಗಳಲ್ಲಿ ಸಲೀಸಾಗಿ ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ತನ್ನ ಎರಡೆಕರೆಯ ಮಟ್ಟಿಗೆ ಅವನ ಲೆಕ್ಕ ಸರಿಯಾಗೇ ಇದೆ: ಔಷಧಿ ಹೊಡೆದರೆ ಸತ್ತ ಹುಳು ಕಣ್ಣಿಗೆ ಕಾಣುತ್ತದೆ, ಹುಟ್ಟದೇ ಹೋದ ಹುಳು ಕಾಣುವುದಿಲ್ಲ. ಬದಲಾಗಬೇಕಾದ್ದು ಲೆಕ್ಕ ಹಾಕುವ ಅಳತೆ. ಸಬ್ಸಿಡಿ ಬಲೆಗಳನ್ನು ಪಹಣಿ ನೋಡಿ ಒಬ್ಬೊಬ್ಬರಿಗೆ ಕೊಡುವ ಬದಲು, ಹಳ್ಳಿಯ ಶೇಂಗಾ ಹೊಲಕ್ಕೆಲ್ಲ ಒಂದೇ ವಾರದಲ್ಲಿ, ಪತಂಗ ಹೆಚ್ಚುವ ಮೊದಲೇ ಕಟ್ಟಿಸಬೇಕು. ರಬ್ಬರ್ ತುಣುಕು ಬದಲಾಯಿಸುವವರ ಕೂಲಿಯನ್ನೂ ಅದೇ ಖರ್ಚಿನಲ್ಲಿ ಸೇರಿಸಬೇಕು.