ಚಿಕ್ಕಪ್ಪನ ಕಾಲಿಗೆ ಯಾವ ನಂಬರ್?

ನಮ್ಮ ಚಿಕ್ಕಪ್ಪ ಇರೋದು ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ. ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ‘ಬ್ಲಫ್ ಹೊಡೀಬೇಡ’ ಅಂತಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಶಿವನಸಮುದ್ರದ ಪವರ್‌ಹೌಸ್ ಇರೋದು ಅಲ್ಲೇ ಸ್ವಾಮಿ!

ಹೋದ ವರ್ಷ ಚಿಕ್ಕಪ್ಪ ಹುಣಸೆ ಮರದಿಂದ ಜಾರಿ, ನೇರ ಕಾಲೂರಿ ಬಿದ್ದರು. ಡಾಕ್ಟರಿಗೆ ನಾನು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಸೀರಿಯಸ್ಸು ಸಾರ್?’ ಬಗ್‌ಗಳಿಗೆ ಪಿ1, ಪಿ2 ಅಂತ ನಂಬರ್ ಹಾಕಿ ಅಭ್ಯಾಸ ನೋಡಿ.

ನಂಬರ್ ಇತ್ತು. ಎತ್ತರದಿಂದ ಬಿದ್ದಾಗ ಪಾದದ ಮೂಳೆಗೂ ಮೇಲಿನ ಕಾಲಿನ ಮೂಳೆಗೂ ಒನಕೆ ಕುಟ್ಟಿದ ಹಾಗೆ ಗುದ್ದಾಗಿ, ಕೀಲಿನ ಚಾವಣಿಯೇ ಒಡೆಯುತ್ತೆ. ಇದು ಪಿಲಾನ್ ಫ್ರ್ಯಾಕ್ಚರ್. ಫ್ರೆಂಚಲ್ಲಿ ಪಿಲಾನ್ ಅಂದ್ರೆ ಒನಕೆಯೇ. 1969ರಲ್ಲಿ ರೂಡಿ, ಆಲ್ಗೋವರ್ ಅನ್ನೋ ವೈದ್ಯರು ಇದಕ್ಕೆ ಮೂರು ದರ್ಜೆ ಮಾಡಿದರು. ಬಿರುಕಿದೆ, ಆದರೆ ಚೂರು ಸರಿದಿಲ್ಲ ಅಂದ್ರೆ ಒಂದು. ಕೀಲಿನ ಮೇಲ್ಮೈ ಸರಿದಿದ್ರೆ ಎರಡು. ಪುಡಿಪುಡಿಯಾಗಿದ್ರೆ ಮೂರು.

ಎಕ್ಸ್‌ರೇ ನೋಡಿ ಎರಡು ಅಂದವರು ಸಿಟಿ ಸ್ಕ್ಯಾನ್ ಆದ ಮೇಲೆ ಮೂರು ಅಂದರು. ನನಗೆ ಸಿಟ್ಟು ಬಂತು. ಆಮೇಲೆ ಓದಿದರೆ, ಒಂದೇ ಎಕ್ಸ್‌ರೇಗೆ ಇಬ್ಬರು ತಜ್ಞರು ಬೇರೆ ಬೇರೆ ನಂಬರ್ ಕೊಡೋದು ಈ ಅಳತೆಯ ಹಳೇ ತೊಂದರೆಯಂತೆ. ಚಪ್ಪಟೆ ಚಿತ್ರದಲ್ಲಿ ಒಂದು ಚೂರಿನ ಹಿಂದೆ ಇನ್ನೊಂದು ಅಡಗಿರುತ್ತೆ.

ಮೂರನೇ ದರ್ಜೆ ಅಂದ ಮೇಲೂ ತಕ್ಷಣ ಆಪರೇಷನ್ ಮಾಡಲಿಲ್ಲ! ಹೊರಗಿಂದ ರಾಡ್ ಹಾಕಿ, ಕಾಲು ಎತ್ತಿಟ್ಟು ಮಲಗಿಸಿದರು. ‘ಸುಮ್ನೆ ಮಲಗ್ಸವ್ರೆ, ನಾಟಿ ಕಟ್ಟು ಹಾಕ್ಸಿದ್ರೆ ಇಷ್ಟೊತ್ಗೆ ಸರೋಯ್ತಿತ್ತು’ ಅಂತ ಚಿಕ್ಕಮ್ಮನ ರಗಳೆ. ಡಾಕ್ಟರು ಕಾಲಿನ ಬಾವು, ಗುಳ್ಳೆ ತೋರಿಸಿದರು. ಇಂಥ ಕಾಲಿಗೆ ಬಿಗಿಯಾಗಿ ಕಟ್ಟಿದ್ರೆ ರಕ್ತ ಓಡಾಟವೇ ನಿಲ್ಲಬಹುದು. ಈಗಲೇ ಕೊಯ್ದರೆ ಗಾಯ ಕೂಡದೆ ಕೀವಾಗಬಹುದು. ಚರ್ಮದಲ್ಲಿ ಸುಕ್ಕು ಕಾಣೋವರೆಗೂ ಕಾಯಬೇಕು. ಈ ಚರ್ಮದ ವಿಷಯ ಆ ಮೂರು ದರ್ಜೆಯಲ್ಲಿ ಎಲ್ಲೂ ಇಲ್ಲ; ಅದಕ್ಕೆ ಬೇರೆಯೇ ಅಳತೆಯಿದೆ. ನಾನು ಮೂಳೆಯ ನಂಬರ್ ಹಿಡಿದು ಕೂತಿದ್ದೆ, ಅವರು ದಿನಾ ಬೆಳಿಗ್ಗೆ ಚರ್ಮ ನೋಡ್ತಿದ್ದರು.

ಹದಿಮೂರನೇ ದಿನ ಪ್ಲೇಟ್ ಹಾಕಿದರು. ಮುಂದೆ ಕೀಲು ಸವೆದು ನೋವು ಬರಬಹುದು ಅಂತ ಆಗಲೇ ಹೇಳಿದ್ದಾರೆ. ಈಗ ಚಿಕ್ಕಪ್ಪ ಕೋಲಿಲ್ಲದೆ ನಡೀತಾರೆ. ಇಳಿಜಾರು ಬಂದಾಗ ಮಾತ್ರ ಮಾತಾಡದೆ ನನ್ನ ಹೆಗಲು ಹಿಡ್ಕೋತಾರೆ.