ಸರಪಳಿಯೋ, ಷಾಫ್ಟೋ?

ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆಗೆ ದಯಮಾಡಿಸಿದರು. ಬಂದ ಕಾರಣ ಕಾಫಿಯ ಎರಡನೆಯ ಲೋಟ ಮುಗಿಯುವವರೆಗೂ ಹೊರಬೀಳಲಿಲ್ಲ. ಕೊನೆಗೆ, ಒಳಗಿರುವ ನನ್ನ ಮನೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿ, ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಳ್ಳುವ ಆಸೆಯನ್ನು ಅರುಹಿದರು. ಎರಡು ಗಾಡಿಗಳನ್ನು ನೋಡಿಟ್ಟಿದ್ದರು. ಒಂದು ಮೈಸೂರಿನಲ್ಲಿಯೇ ಹುಟ್ಟಿದ ಯೆಜ್ಡಿ. ಇನ್ನೊಂದು ಕಡಲಾಚೆಯಿಂದ ಬಂದದ್ದು. ಮೊದಲನೆಯದರಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರವನ್ನು ಮುಟ್ಟುವುದು ಸರಪಳಿಯ ಮೂಲಕ; ಎರಡನೆಯದರಲ್ಲಿ ಷಾಫ್ಟಿನ ಮೂಲಕ, ಎಂದರೆ ತಿರುಗುವ ಉಕ್ಕಿನ ದಂಡದ ಮೂಲಕ. ಯಾವುದನ್ನು ಕೊಳ್ಳುವುದು?

"ಹನ್ನೆರಡು ವರ್ಷ ಕೂಡಿಟ್ಟ ಹಣ. ಇದನ್ನು ಹಾಳುಮಾಡಿಕೊಂಡರೆ ಮನೆಯಲ್ಲಿ ಮತ್ತೊಮ್ಮೆ ಕೇಳುವ ಮುಖ ನನಗಿರುವುದಿಲ್ಲ" ಎಂದರು.

ಭೌತಶಾಸ್ತ್ರ ಬಲ್ಲವರು ಕನ್ನಡದ ಮೇಷ್ಟರ ಬಳಿಗೆ ಬಂದು ಯಂತ್ರದ ಮಾತು ಕೇಳುವುದು ವಿಚಿತ್ರವೆಂದು ತೋರಬಹುದು. ಆದರೆ ನನ್ನ ತಂದೆಯವರು 1984ರಲ್ಲಿ ಕೊಂಡ ಯೆಜ್ಡಿ ಇಂದಿಗೂ ನಮ್ಮ ಹಿತ್ತಿಲಿನಲ್ಲಿದೆ. ಅದರಿಂದ ನಾನು ಕಲಿತದ್ದಕ್ಕಿಂತ ಅದನ್ನು ಕೆಡಿಸಿ ಕಲಿತದ್ದೇ ಹೆಚ್ಚು. ಆ ಅಧಿಕಾರದಿಂದಲೇ ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸರಪಳಿಯ ವಿಚಾರ. ಇಂದು ನಾವು ಕಾಣುವ ಉರುಳೆಯ ಸರಪಳಿಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ರೂಪಿಸಿದ. ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಮೇಲೆ ಒಂದು ಬುಷ್, ಅದರ ಮೇಲೆ ಸುಲಭವಾಗಿ ಉರುಳುವ ಒಂದು ಉರುಳೆ: ವ್ಯವಸ್ಥೆ ಇಷ್ಟೇ. ಶುಭ್ರವಾಗಿದ್ದು ಎಣ್ಣೆ ಕಂಡ ಸರಪಳಿಯಲ್ಲಿ ಬಲದ 100 ಪಾಲಿನಲ್ಲಿ 2–3 ಪಾಲು ಮಾತ್ರ ನಷ್ಟವಾಗುವುದು. ತೂಕವೂ ಕಡಿಮೆ, ಬೆಲೆಯೂ ಕಡಿಮೆ. ಮೇಲಾಗಿ, ಬೆಟ್ಟದ ಊರಿಗೆ ಹೋಗುವವನು ಮುಂದಿನ ಹಲ್ಲುಚಕ್ರವನ್ನು ಒಂದು ಹಲ್ಲು ಕಡಿಮೆಯದಕ್ಕೆ ಬದಲಾಯಿಸಿದರೆ ಗಾಡಿಯ ಸ್ವಭಾವವೇ ಬದಲಾಗುವುದು. ಷಾಫ್ಟಿನ ಗಾಡಿಯಲ್ಲಿ ಇದನ್ನೇ ಮಾಡಬೇಕಾದರೆ ಹಿಂದಿನ ಗೇರುಪೆಟ್ಟಿಗೆಯ ಕರುಳನ್ನೇ ಹೊರಗೆಳೆಯಬೇಕು.

ಸರಪಳಿ ಕಾಲಕ್ರಮದಲ್ಲಿ ಹಿಗ್ಗುತ್ತದೆ ಎಂದು ಎಲ್ಲರೂ ಹೇಳುವರು. ಅದು ಹಿಗ್ಗುವುದಿಲ್ಲ, ಸವೆಯುತ್ತದೆ. ಕೊಂಡಿಯಿಂದ ಕೊಂಡಿಗೆ 5/8 ಅಂಗುಲ ಅಂತರವಿರುವ ಸರಪಳಿಯೊಂದನ್ನು ತೆಗೆದುಕೊಳ್ಳಿ. ಹೊಸದರಲ್ಲಿ 20 ಕೊಂಡಿಗಳ ಉದ್ದ 12½ ಅಂಗುಲ. ಒಂದೊಂದು ಕೀಲಿನಲ್ಲಿ ಅಂಗುಲದ 80ನೆಯ ಒಂದು ಪಾಲು ಸವೆದರೂ ಸಾಕು, ಅದೇ ಉದ್ದ 12¾ ಆಗಿರುತ್ತದೆ. ಆಗ ಅದನ್ನು ಬಿಸಾಡುವುದೇ ಸರಿ. ಅಳತೆಪಟ್ಟಿ ಇಲ್ಲದವರಿಗೆ ಇನ್ನೊಂದು ಪರೀಕ್ಷೆಯುಂಟು. ಹಿಂದಿನ ಹಲ್ಲುಚಕ್ರದ ತೀರ ಹಿಂಬದಿಯಲ್ಲಿ ಸರಪಳಿಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಎಳೆಯಿರಿ; ಅರ್ಧ ಹಲ್ಲು ಕಾಣಿಸಿದರೆ ಅದರ ಆಯುಷ್ಯ ಮುಗಿಯಿತು. ಹಲ್ಲುಗಳೂ ಕೊಕ್ಕಿನಂತೆ ಬಾಗಿದ್ದರೆ ಸರಪಳಿ, ಮುಂದಿನ ಚಕ್ರ, ಹಿಂದಿನ ಚಕ್ರ ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಸವೆದ ಹಲ್ಲಿಗೆ ಹೊಸ ಸರಪಳಿ ತೊಡಿಸಿದರೆ ಹಳೆಯದು ಹೊಸದನ್ನೂ ತನ್ನ ದಾರಿಗೆ ಎಳೆದುಕೊಳ್ಳುವುದು.

ಎಣ್ಣೆಯ ವಿಷಯದಲ್ಲಿ ಹಿಂದಿನವರ ಶ್ರದ್ಧೆ ದೊಡ್ಡದು. ಮೇಲೆ ಸುರಿದ ಎಣ್ಣೆ ಉರುಳೆಯ ಹೊರಗೇ ಉಳಿಯುತ್ತದೆ. ಸವೆತ ನಡೆಯುವುದು ಒಳಗೆ, ಪಿನ್ನಿಗೂ ಬುಷ್ಷಿಗೂ ನಡುವೆ. ಆದುದರಿಂದ ನಮ್ಮ ತಂದೆಯವರು ಸರಪಳಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರಾಫೈಟು ಬೆರೆತ ಗ್ರೀಸನ್ನು ಹದವಾಗಿ ಕಾಯಿಸಿ ಅದರಲ್ಲಿ ಮುಳುಗಿಸುತ್ತಿದ್ದರು. ಕರಗಿದ ಗ್ರೀಸು ಕೀಲಿನೊಳಕ್ಕೆ ಇಳಿದು, ಆರಿದಾಗ ಅಲ್ಲೇ ನಿಲ್ಲುವುದು. ಶಾಸ್ತ್ರ ಸರಿಯಾದದ್ದೇ. ಪಾತ್ರೆಯ ವಿಷಯದಲ್ಲಿ ಮಾತ್ರ ಅವರು ತಪ್ಪಿದರು. ಅಮ್ಮನ ತವರಿನಿಂದ ಬಂದ ಹೋಳಿಗೆಯ ಹೂರಣದ ಬಾಣಲೆಯಲ್ಲಿ ಒಂದು ಯುಗಾದಿಯ ಹಿಂದಿನ ದಿನ ಸರಪಳಿ ಬೇಯುತ್ತಿದ್ದುದನ್ನು ಕಂಡು ಅಮ್ಮ ಆಡಿದ ಮಾತುಗಳು ನಿಘಂಟಿನಲ್ಲಿವೆ. ಆದರೂ ಇಲ್ಲಿ ಬರೆಯತಕ್ಕವಲ್ಲ.

1970ರ ದಶಕದಲ್ಲಿ ಕೀಲುಗಳ ಬದಿಗೆ ರಬ್ಬರಿನ ಉಂಗುರಗಳನ್ನು ತೊಡಿಸಿ, ಗ್ರೀಸನ್ನು ಒಳಗೇ ಬಂಧಿಸಿಟ್ಟ ಸರಪಳಿಗಳು ಬಂದವು. ಅಂದಿನಿಂದ ಬಾಣಲೆಗೆ ಬಿಡುಗಡೆ. ಆದರೆ ಅವು ತುಸು ಅಗಲ. ಹಳೆಯ ಗಾಡಿಗಳಲ್ಲಿ ಎಲ್ಲೆಡೆಯೂ ಹಿಡಿಸುವುದಿಲ್ಲ.

ಯಾದವಗಿರಿಯ ಕಾರ್ಖಾನೆ 1961ರಿಂದ 1996ರವರೆಗೆ, ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಹೆಸರಿಟ್ಟು ಕಳಿಸಿದ ಗಾಡಿಗಳಲ್ಲಿ ಚೆಕ್ ದೇಶದವರ ಒಂದು ಒಳ್ಳೆಯ ಬುದ್ಧಿವಂತಿಕೆಯಿತ್ತು. ಸರಪಳಿಯನ್ನು ಮೇಲೆ ಕೆಳಗೆ ಎರಡು ಹೋಳಿನ ತಗಡಿನ ಪೆಟ್ಟಿಗೆಯಲ್ಲಿ ಪೂರ್ತಿ ಮುಚ್ಚಿದ್ದರು. ಧೂಳಿಲ್ಲ, ಕೆಸರಿಲ್ಲ, ಸೀರೆಯ ಸೆರಗಿಗೆ ಭಯವಿಲ್ಲ. ಮದರಾಸಿನ ಬುಲೆಟ್ಟಿನಲ್ಲಿ ಮೇಲುಮುಚ್ಚಳ ಮಾತ್ರ, ಕೆಳಗೆಲ್ಲ ಬಯಲು. ಆದರೆ ಈ ಪೆಟ್ಟಿಗೆಯೇ ನನ್ನನ್ನು ಮೋಸದ ನೆಮ್ಮದಿಯಲ್ಲಿಟ್ಟಿತು. ಕಾಣದ ಸರಪಳಿಯನ್ನು ನಾನು ಮರೆತೆ. ಮರೆತದ್ದಕ್ಕಿಂತ ದೊಡ್ಡ ತಪ್ಪು, ನೆನೆದ ಒಂದು ದಿನ ಅದನ್ನು ಬಿಚ್ಚಿ ನಾನೇ ಮರಳಿ ಜೋಡಿಸಿದ್ದು.

ಸರಪಳಿಯ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಮೀನಿನಾಕಾರದ ಒಂದು ಸಣ್ಣ ಉಕ್ಕಿನ ಕ್ಲಿಪ್ಪು ಇರುತ್ತದೆ. ಅದನ್ನು ನಾನು ತಿರುಗುಮುರುಗಾಗಿ ಹಾಕಿದ್ದೆ. 2017ರಲ್ಲಿ ಪಿರಿಯಾಪಟ್ಟಣದ ಮದುವೆಯೊಂದನ್ನು ಮುಗಿಸಿ ಹುಣಸೂರಿನ ಕಡೆಗೆ ಬರುತ್ತಿದ್ದೆವು. ಹಿಂದೆ ಹೆಂಡತಿ, ಅವಳ ಮಡಿಲಿನಲ್ಲಿ ತಾಂಬೂಲದ ಚೀಲ. ಇಳಿಜಾರು ಮುಗಿದು ಏರು ಹತ್ತುವಾಗ ತಗಡಿನೊಳಗೆ ಬಾಣ ಬಿಟ್ಟಂತೆ ಸದ್ದಾಯಿತು. ಎಂಜಿನ್ನು ಕಿರುಚಿತು, ಗಾಡಿ ಮಾತ್ರ ಮುಂದೆ ಸಾಗಲಿಲ್ಲ. ಕಡಿದ ಸರಪಳಿ ಮುಂದಿನ ಹಲ್ಲುಚಕ್ರದ ಬಳಿ ಮುದ್ದೆಯಾದರೆ ಗೇರುಪೆಟ್ಟಿಗೆಯನ್ನು ಒಡೆಯಬಹುದು. ಹಿಂದಿನ ಚಕ್ರವನ್ನು ಬಿಗಿದು ಸವಾರರನ್ನು ಕೆಡವಲೂಬಹುದು. ನಮಗೆ ಅದೇನೂ ಆಗಲಿಲ್ಲ. ತಗಡಿಗೆ ಒಳಗಿನಿಂದ ಒಂದು ಉಬ್ಬು ಬಿದ್ದಿತ್ತು, ಅಷ್ಟೆ. ಆ ತಗಡಿಲ್ಲದಿದ್ದರೆ ಆ ಉಬ್ಬು ಯಾರ ಕಾಲಿಗೆ ಬೀಳುತ್ತಿತ್ತೆಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹುಣಸೂರು ತಲುಪುವವರೆಗೆ ಅವಳು ಏನನ್ನೂ ಕೇಳಲಿಲ್ಲ.

ಅಲ್ಲಿಯ ಮುದುಕ ಮೆಕ್ಯಾನಿಕ್ಕರೊಬ್ಬರು ಪೆಟ್ಟಿಗೆ ತೆರೆದರು. ತಳದಲ್ಲಿ ಕೊಂಡಿ ಸಿಕ್ಕಿತು, ಕ್ಲಿಪ್ಪು ಸಿಗಲಿಲ್ಲ. ಯಾರು ಜೋಡಿಸಿದ್ದೆಂದು ಕೇಳಿದರು. ಉತ್ತರ ನನ್ನ ಮುಖದ ಮೇಲಿತ್ತು. "ಮೀನು ಬಾಲ ಮುಂದೆ ಮಾಡಿ ಈಜುತ್ತದೆಯೇ, ಸ್ವಾಮಿ?" ಎಂದರು. ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಓಡುವ ದಿಕ್ಕಿಗಿರಬೇಕು; ಸೀಳಿದ ಬಾಲ ಹಿಂದೆ. ಮೇಲಿನ ಸಾಲಿನಲ್ಲಿ ನೋಡಿದರೆ ಮೀನಿನ ತಲೆ ಎಂಜಿನ್ನಿನ ಕಡೆಗೆ. ಇದನ್ನು ತಿಳಿಯಲು ಎಂ.ಎ. ಬೇಕಾಗಿಲ್ಲ.

ಈ ಕಥೆ ಕೇಳಿ ಭೌತಶಾಸ್ತ್ರದವರು, "ಹಾಗಾದರೆ ಷಾಫ್ಟೇ ಸರಿ" ಎಂದು ಎದ್ದುಬಿಟ್ಟರು. ಅವರನ್ನು ಮತ್ತೆ ಕೂರಿಸಬೇಕಾಯಿತು.

ಷಾಫ್ಟು ಹೊಸ ಕಲ್ಪನೆಯಲ್ಲ. ಬೆಲ್ಜಿಯಮ್ಮಿನ ಎಫ್.ಎನ್. ಕಂಪನಿ 1905ರಲ್ಲಿಯೇ ತನ್ನ ನಾಲ್ಕು ಸಿಲಿಂಡರಿನ ಗಾಡಿಗೆ ಅದನ್ನು ಅಳವಡಿಸಿತ್ತು. 1923ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಗಾಗಿ ಮ್ಯಾಕ್ಸ್ ಫ್ರಿಟ್ಸ್ ಎಂಬ ಎಂಜಿನಿಯರು ಆರ್ 32 ಎಂಬ ಗಾಡಿಯನ್ನು ರಚಿಸಿದ. ಎಂಜಿನ್ನಿನ ಮುಖ್ಯ ದಂಡವನ್ನು ಗಾಡಿಯ ಉದ್ದಕ್ಕೆ ಇಟ್ಟುದರಿಂದ ಬಲ ನೇರವಾಗಿ ಹಿಂದಕ್ಕೆ ಹರಿದು, ಚಕ್ರದ ಬಳಿ ಒಂದೇ ಒಂದು ಬಾರಿ ತಿರುವು ಪಡೆಯುತ್ತಿತ್ತು. ಆ ಸಂಸ್ಥೆ 70 ವರ್ಷ ಈ ಒಂದೇ ಪಂಥಕ್ಕೆ ನಿಷ್ಠವಾಗಿತ್ತು. 1993ರಲ್ಲಿ ಎಫ್ 650 ಎಂಬ ಗಾಡಿಯಲ್ಲಿ ಮೊದಲ ಬಾರಿಗೆ ಸರಪಳಿಗೆ ಮಣಿಯಿತು. ಎರಡನೆಯ ಮಹಾಯುದ್ಧದಲ್ಲಿ ಮರಳುಗಾಡಿನ ಉಸುಕು ಸರಪಳಿಗಳನ್ನು ಅರೆದುಹಾಕುವುದೆಂದರಿತ ಅಮೆರಿಕದ ಸೈನ್ಯ, 1942ರಲ್ಲಿ ಜರ್ಮನ್ ಮಾದರಿಯನ್ನೇ ಅನುಸರಿಸಿದ ಸುಮಾರು 1000 ಗಾಡಿಗಳನ್ನು ಹಾರ್ಲೆ-ಡೇವಿಡ್ಸನ್ ಕಂಪನಿಯಿಂದ ಮಾಡಿಸಿತು. ಶತ್ರುವಿನಿಂದಲೂ ವಿದ್ಯೆ ಕಲಿಯಬೇಕಾಗುವ ಸಂದರ್ಭಗಳುಂಟು.

ಧೂಳು ತಟ್ಟದ, ಬಿಗಿ ನೋಡಬೇಕಿಲ್ಲದ, ಬಟ್ಟೆಗೆ ಎಣ್ಣೆ ಸಿಡಿಸದ ಈ ವ್ಯವಸ್ಥೆ ದೂರ ಪ್ರಯಾಣಿಕನಿಗೆ ವರವೇ ಸರಿ. ಅದಕ್ಕೊಂದು ಸಣ್ಣ ಚಾಳಿ ಮಾತ್ರ ಉಂಟು. ವೇಗ ಕೊಟ್ಟಾಗ ಗಾಡಿಯ ಹಿಂಭಾಗ ಮೇಲೇಳುವುದು. ತಿರುವಿನ ನಡುವೆ ತಟಕ್ಕನೆ ವೇಗ ಕಡಿದರೆ ಕುಸಿಯುವುದು. ಜರ್ಮನರೇ ತಮ್ಮ ಗಾಡಿಗೆ 'ರಬ್ಬರ್ ಹಸು' ಎಂದು ಹೆಸರಿಟ್ಟರು. ಅಭ್ಯಾಸವಾದವರಿಗೆ ಅದು ತೊಂದರೆಯಲ್ಲ.

ಒಂದು ಮೇಲು, ಇನ್ನೊಂದು ಕೀಳು ಎಂದು ತೀರ್ಮಾನಿಸುವವರು ಲ್ಯಾಂಬ್ರೆಟ್ಟಾ ಸ್ಕೂಟರನ್ನು ನೆನೆಯಬೇಕು. 1947ರಲ್ಲಿ ಇಟಲಿಯಲ್ಲಿ ಹುಟ್ಟಿದಾಗ ಅದರಲ್ಲಿದ್ದುದು ಷಾಫ್ಟು. ಅದೇ ಕಂಪನಿ 1958ರಲ್ಲಿ ಹೊಸ ಮಾದರಿಯನ್ನು ತಂದಾಗ ಷಾಫ್ಟನ್ನು ಬಿಟ್ಟು ಜೋಡಿ ಸರಪಳಿಯನ್ನು ಹಿಡಿಯಿತು. ಆದರೆ ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಮುಚ್ಚಿ ಎಣ್ಣೆಯಲ್ಲಿ ಓಡಿಸಿತು. ಬೊಂಬಾಯಿಯಲ್ಲಿ ಜೋಡಣೆಯಾಗಿ ನಮ್ಮ ಬೀದಿಗಳಿಗೆ ಬಂದ ಆ ಸ್ಕೂಟರುಗಳಲ್ಲಿ ಎಷ್ಟೋ ಮಂದಿ ತಮ್ಮ ಸ್ಕೂಟರಿನಲ್ಲಿ ಸರಪಳಿ ಇದೆಯೆಂಬುದನ್ನೇ ಅರಿಯದೆ ಸಂಸಾರ ಸಾಗಿಸಿದರು.

ಹೊಸ ಗಾಡಿಯ ಮಾತಾದರೆ ವಾದ ಇಲ್ಲಿಗೆ ಸಮನಾಗಿ ನಿಲ್ಲುತ್ತಿತ್ತು. ಆದರೆ ನಮ್ಮ ಮಿತ್ರರು ಕೊಳ್ಳಹೊರಟದ್ದು ಹಳೆಯದನ್ನು. ಹಳೆಯ ಗಾಡಿಯನ್ನು ಕೊಳ್ಳುವವನು ಹಿಂದಿನ ಒಡೆಯರೆಲ್ಲರ ಸೋಮಾರಿತನವನ್ನೂ ಕೂಡಿಯೇ ಕೊಳ್ಳುತ್ತಾನೆ. ಸರಪಳಿಯ ಗಾಡಿಯಲ್ಲಿ ಆ ಸೋಮಾರಿತನ ಸರಪಳಿಯ ಮೇಲೆಯೇ ಬರೆದಿರುತ್ತದೆ. ಅದನ್ನು ಓದಿ, ಕಿತ್ತು, ಒಂದು ಮಧ್ಯಾಹ್ನದಲ್ಲಿ ಹೊಸದನ್ನು ತೊಡಿಸಬಹುದು. ಷಾಫ್ಟಿನ ಗಾಡಿಯಲ್ಲಿ ಅದು ಎಣ್ಣೆಯೊಳಗೆ, ಉಕ್ಕಿನ ಪೆಟ್ಟಿಗೆಯೊಳಗೆ, ಯಾರಿಗೂ ಕಾಣದಂತೆ ಕುಳಿತಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಗ್ರೀಸು ಕಾಣಬೇಕಾದ ದಂಡದ ತುದಿಯ ಹಲ್ಲುಗೆರೆಗಳು ಒಣಗಿಯೇ ಉಳಿದಿರಬಹುದು. ಹಿಂದಿನ ಕಿರೀಟಚಕ್ರವೂ ಅದನ್ನು ತಿರುಗಿಸುವ ಪುಟ್ಟ ಗೇರೂ ಜೊತೆಯಾಗಿ ಹುಟ್ಟಿದ ಜೋಡಿ. ಒಂದು ಕೆಟ್ಟರೆ ಎರಡನ್ನೂ ತರಿಸಬೇಕು. ಅದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಂಜೆಯೊಳಗೆ ಸಿಗುವ ಸಾಮಾನಲ್ಲ.

ಹಾಗೆಂದು ಷಾಫ್ಟನ್ನು ನೋಡದೆಯೇ ನಿರಾಕರಿಸಬೇಕಿಲ್ಲ. ಪರೀಕ್ಷಿಸಿ ಕೊಳ್ಳಬಹುದು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಬೇಕು. ತುಸು ಸಡಿಲ ಸಹಜ, ಸುತ್ತಿಗೆಯ ಪೆಟ್ಟಿನಂತಹ ಸದ್ದು ಸಹಜವಲ್ಲ. ಹಿಂದಿನ ಬ್ರೇಕಿನ ಡ್ರಮ್ಮಿನಲ್ಲಿ ಎಣ್ಣೆ ಜಿನುಗಿದೆಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿ ಬೆಳಕಿಗೆ ಹಿಡಿಯಬೇಕು.

ಮುಂದಿನ ಭಾನುವಾರ ನಾವಿಬ್ಬರೂ ಆ ಕಡಲಾಚೆಯ ಗಾಡಿಯಿದ್ದ ಮನೆಗೆ ಹೋದೆವು. ಅದರ ಹೆಸರು ಬೇಡ. ತಪ್ಪು ಅದನ್ನು ಮಾಡಿದವರದಲ್ಲ. ಬಣ್ಣ, ಹೊಳಪು, ಎಂಜಿನ್ನಿನ ಮೃದುವಾದ ಸದ್ದು ಎಲ್ಲವೂ ನಮ್ಮನ್ನು ಸೋಲಿಸಿದ್ದವು. ನನ್ನ ಮಿತ್ರರು ಕೈಯನ್ನು ಹಣದ ಜೇಬಿನ ಮೇಲಿಟ್ಟುಕೊಂಡೇ ನಿಂತಿದ್ದರು. ಗಾಡಿಯ ಒಡೆಯರು ಸಜ್ಜನರು. ಎಣ್ಣೆ ಇಳಿಸಲು ಸಂತೋಷದಿಂದ ಒಪ್ಪಿ, ತಾವೇ ಒಳಗಿನಿಂದ ಒಂದು ಸ್ಟೀಲಿನ ತಟ್ಟೆ ತಂದರು.

ಬಂದ ಎಣ್ಣೆ ಕಪ್ಪಗಿತ್ತು, ಅದು ದೋಷವಲ್ಲ. ಬೂದುಬಣ್ಣದ ನುಣುಪಾದ ಹೆಸರು ಕಂಡರೂ ದೋಷವಲ್ಲ. ಗೇರುಗಳು ಸವೆಯುವುದು ಹಾಗೆಯೇ. ಆದರೆ ತಟ್ಟೆಯನ್ನು ಬಿಸಿಲಿಗೆ ವಾಲಿಸಿದಾಗ ಅದರ ಅಂಚಿನಲ್ಲಿ ಬೆಳ್ಳಿಯ ಪುಡಿ ಮಿನುಗಿತು. ಅದರ ನಡುವೆ, ಕತ್ತರಿಸಿದ ಉಗುರಿನಷ್ಟು ದೊಡ್ಡ ಉಕ್ಕಿನ ಚೂರೊಂದು. ಎಣ್ಣೆ ತಿಳಿಯಾಗಿ ಬಂದಿದ್ದರೆ ಆ ಗಾಡಿಯನ್ನೇ ಕೊಳ್ಳಿರೆಂದು ಹೇಳಲು ನಾನು ಮನಸ್ಸು ಮಾಡಿದ್ದೆ. ಒಡೆಯರ ಮುಖವೂ ಬಿಳಿಚಿತು. ಎಂಟು ವರ್ಷದಿಂದ ಅವರು ಆ ಬಿರಡೆಯನ್ನು ತೆಗೆದೇ ಇರಲಿಲ್ಲ. ಅವರಿಗಿಂತ ಹಿಂದಿನವರು ತೆಗೆದಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಮಿತ್ರರು ಆ ಚೂರನ್ನು ಬೆರಳಿನ ತುದಿಯಲ್ಲೆತ್ತಿ ಬಹಳ ಹೊತ್ತು ನೋಡಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು.

ಯೆಜ್ಡಿ ಅವರ ಮನೆಗೆ ಬಂದದ್ದು ಅದರ ಮರುವಾರ. ತಗಡಿನ ಪೆಟ್ಟಿಗೆ ಬಿಚ್ಚಿದಾಗ ಕಂಡ ದೃಶ್ಯ ಭೀಕರವೇ ಆಗಿತ್ತು: ತುಕ್ಕು ಹಿಡಿದ ಸರಪಳಿ, ಗಿಣಿಯ ಕೊಕ್ಕಿನಂತಹ ಹಲ್ಲುಗಳು. ಮಿತ್ರರು ಗಾಬರಿಯಾದರು; ನನಗೆ ನಿರಾಳವಾಯಿತು. ಮೂರನ್ನೂ ಗುಜರಿಗೆ ಹಾಕಿ, ಹೊಸದನ್ನು ತಂದು ಜೋಡಿಸಲು ಕುಳಿತೆವು. ಬಾಣಲೆಯ ಕಥೆಯನ್ನು ಎಲ್ಲಿಂದಲೋ ಕೇಳಿದ್ದ ಅವರ ಮನೆಯವರು, ನಾವು ಒಳಕ್ಕೆ ಬರದಂತೆ ಅಡುಗೆಮನೆಯ ಬಾಗಿಲಿನಲ್ಲಿಯೇ ನಿಂತಿದ್ದರು. ಕೊನೆಯಲ್ಲಿ ಕ್ಲಿಪ್ಪನ್ನು ಕೂರಿಸಿ ಮಿತ್ರರು ನನ್ನತ್ತ ನೋಡಿದರು. ನಾನು ಮಾತನಾಡಲಿಲ್ಲ, ಟಾರ್ಚು ಹಿಡಿದು ಎರಡು ಬಾರಿ ನೋಡಿದೆ. ಮೀನಿನ ತಲೆ ಮುಂದಕ್ಕೇ ಇತ್ತು.