ದುರಸ್ತಿಯಾಗದ್ದು ಪರಂಪರೆಯಾದೀತೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಅವು ಹೊಗೆ ಉಗುಳಲಿಲ್ಲವೆಂದಲ್ಲ. ಅವುಗಳ ಸರಳ ಎಂಜಿನ್ನನ್ನು ಬೀದಿಬದಿಯ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ.

2013ರಲ್ಲಿ ಬಂದ ಪೋಲೊ ಜಿಟಿ ಟಿಡಿಐನಂತಹ ವೇಗದ ಸಣ್ಣ ಡೀಸೆಲ್ ಕಾರುಗಳೂ ಮುಂದೆ ಹೀಗೆಯೇ 'ಕ್ಲಾಸಿಕ್' ಆಗುವುವೆಂಬ ವಾದ ಪೊಳ್ಳು. ಅಲ್ಲಿ ಇಂಧನದ ಹನಿಹನಿಯನ್ನೂ ಆಳುವುದು ಕಂಪ್ಯೂಟರ್. ಅದು ಕೆಟ್ಟು, ಬಿಡಿಭಾಗವೂ ಸಿಗದಾದರೆ ಅದೇ ಮೆಕ್ಯಾನಿಕ್ ನಿಸ್ಸಹಾಯಕ. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಭಾರತದಲ್ಲಿ ಕಂಪನಿಯೇ ಡೀಸೆಲ್ ಕೈಬಿಟ್ಟಿತು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2012ರಲ್ಲಿಯೇ ಸಾರಿದೆ.

ಕಾರಿರಲಿ, ಗದ್ದೆಯ ಟಿಲ್ಲರಿರಲಿ, ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಊರಿನ ಕೈಗಳು ಇದನ್ನು ಉಳಿಸಬಲ್ಲವೇ? ಇಲ್ಲವಾದರೆ ಅದು ಪರಂಪರೆಯಲ್ಲ, ಬರಲಿರುವ ಗುಜರಿ.